ಮುಟ್ಟಿನ ರಜೆ ಸಿಕ್ಕಿತು, ಅಂಡಾಶಯ ಉಳಿಯುವುದೇ?

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳನ್ನೂ ಒಳಗೊಂಡ ಈ ನೀತಿ ಸ್ವಾಗತಾರ್ಹ. ಆದರೆ ದೆಹಲಿ, ನೊಯ್ಡಾ, ಗುರುಗ್ರಾಮದಲ್ಲಿ ದುಡಿಯುವ ಕನ್ನಡತಿಯರಿಗೆ ಅದು ಅನ್ವಯಿಸದು. ಮೇಲಾಗಿ, ಒಂದು ದಿನದ ರಜೆಯಿಂದ ತೀರದ ನೋವೂ ಇದೆ. ಅದರ ಹೆಸರು ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಗರ್ಭನಾಳ, ಕರುಳಿನ ಮೇಲೆಲ್ಲ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಾದ್ಯಂತ 19 ಕೋಟಿ ಮಂದಿಗೆ ಇದು ಇದೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಸಮಾಧಾನದಲ್ಲೇ ನಮ್ಮಲ್ಲಿ ವರ್ಷಗಳು ಕಳೆಯುತ್ತವೆ.

ಲ್ಯಾಪರೊಸ್ಕೋಪಿ ಮೂಲಕ ಕಾಯಿಲೆಯ ಭಾಗವನ್ನಷ್ಟೇ ತೆಗೆದು ಗರ್ಭಕೋಶ, ಅಂಡಾಶಯಗಳನ್ನು ಉಳಿಸಬಹುದು. ತೊಡಕು ಇರುವುದು ‘ಚಾಕೊಲೇಟ್ ಸಿಸ್ಟ್’ನಲ್ಲಿ. ಅದರ ಗೋಡೆಯನ್ನು ಸುಲಿದು ತೆಗೆಯುವಾಗ ಒಳ್ಳೆಯ ಅಂಡಾಣುಗಳೂ ಹೋಗಬಹುದು. ದ್ರವವನ್ನಷ್ಟೇ ಹೀರಿದರೆ ಸಿಸ್ಟ್ ಮರಳುವ ಸಾಧ್ಯತೆ ಹೆಚ್ಚು. ಎರಡೂ ಅಂಡಾಶಯಗಳಲ್ಲಿ ಸಿಸ್ಟ್ ಇದ್ದರೆ, ಅಥವಾ ಅದು ಎರಡನೇ ಸರ್ಜರಿಯಾದರೆ ಅಪಾಯ ಇನ್ನಷ್ಟು. ಹಾಗಾಗಿಯೇ ಯುರೋಪಿನ ಇಎಸ್‌ಎಚ್‌ಆರ್‌ಇ ಸಂಸ್ಥೆಯ 2022ರ ಮಾರ್ಗಸೂಚಿ, ಮಗುವಾಗುವ ಸಾಧ್ಯತೆ ಹೆಚ್ಚಿಸಲೆಂದು ಐವಿಎಫ್‌ಗೆ ಮುನ್ನ ವಾಡಿಕೆಯಂತೆ ಸಿಸ್ಟ್ ತೆಗೆಯುವುದು ಬೇಡ ಎನ್ನುತ್ತದೆ.

ಆದ್ದರಿಂದ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಸರ್ಜರಿ ನೋವಿಗಾಗಿಯೋ, ಮಗುವಿಗಾಗಿಯೋ? ಅಂಡಾಣು ಸಂಗ್ರಹ ತಿಳಿಸುವ ಎಎಂಎಚ್ ಪರೀಕ್ಷೆ ಆಗಿದೆಯೇ? ಮೊದಲೇ ಅಂಡಾಣು ಶೈತ್ಯೀಕರಿಸಿ ಇಡಬೇಕೇ? ಕರುಳಿಗೂ ಹಬ್ಬಿದ್ದರೆ ಆ ವಿಭಾಗದ ಸರ್ಜನ್ ಜೊತೆಗಿರುತ್ತಾರೆಯೇ?

‘ಗರ್ಭಕೋಶವನ್ನೇ ತೆಗೆಸಿಬಿಡಿ’ ಎಂಬ ಸಲಹೆಗೆ ಆತುರ ಬೇಡ. ಹೊರಗೆ ಬೆಳೆದ ಅಂಗಾಂಶ ಉಳಿದರೆ ನೋವೂ ಉಳಿಯಬಹುದು. ಕಲಬುರಗಿಯ ತಾಂಡಾಗಳ ಮಹಿಳೆಯರು ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡದ್ದನ್ನು ನಾವು ಮರೆಯುವಂತಿಲ್ಲ. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತ್ತು.

ಇನ್ನು ಹಣದ ಮಾತು. ವೈಯಕ್ತಿಕ ಆರೋಗ್ಯ ವಿಮೆಗಳಲ್ಲಿ ಹಲವು ಈ ಕಾಯಿಲೆಗೆ 24 ತಿಂಗಳು ಕಾಯಿಸುತ್ತವೆ. ಬಂಜೆತನದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಕಂಪನಿಯ ಗುಂಪು ವಿಮೆಯಲ್ಲಿ ಅನೇಕ ಕಡೆ ಈ ಕಾಯುವಿಕೆ ಇರುವುದಿಲ್ಲ. ಕೆಲಸ ಬದಲಿಸುವ ಮುನ್ನ ಅದನ್ನೂ ಓದಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನಲ್ಲೂ ನೊಯ್ಡಾದಲ್ಲೂ ಕಚೇರಿ ಇರುವ ಕಂಪನಿಗಳು ಅಲ್ಲಿಯ ರಜೆಯನ್ನು ಇಲ್ಲಿಗೂ ವಿಸ್ತರಿಸಲು ಯಾವ ಕಾನೂನೂ ಅಡ್ಡಬರದು. ಅಂಡಾಶಯದ ಸ್ಥಿತಿಗತಿ ತಿಳಿಯಲು ಆಸ್ಪತ್ರೆಗೆ ಅಲೆಯಬೇಕಾದವಳಿಗೆ ಬೇಕಿರುವುದು ಸಮಯ. ಕೇಳಬೇಕಾದವರು ನಾವು, ಎಚ್‌ಆರ್ ವಿಭಾಗಕ್ಕೆ ಪತ್ರ ಬರೆಯುವುದರಿಂದ ಆರಂಭಿಸಬಹುದು.