ಬೋರ್ಡು ಕನ್ನಡವಾಯಿತು, ಡಬ್ಬಿಯೊಳಗಿನ ಚೀಟಿ?

ಕನ್ನಡದ ತರುಣರೇ,

ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಾಡಿಗೆ ರೂಮು ಹಿಡಿದಿದ್ದರೆ ಬಚ್ಚಲಮನೆಯ ಗೋಡೆಗೆ ಒಂದು ಬಿಳಿ ಡಬ್ಬಿ ನೇತಾಡುತ್ತಿರಬಹುದು. ಗ್ಯಾಸ್ ಗೀಸರ್. ಈ ಪತ್ರಿಕೆಯನ್ನು ಎರಡು ನಿಮಿಷ ಪಕ್ಕಕ್ಕಿಟ್ಟು, ಆ ಡಬ್ಬಿಯ ಮೈಮೇಲೆ ಅಂಟಿಸಿರುವ ಚೀಟಿಯನ್ನು ಓದಿ ಬನ್ನಿ. ಇಂಗ್ಲಿಷ್ ಇರುತ್ತದೆ. ಕೆಲವದರಲ್ಲಿ ಹಿಂದಿಯೂ ಇರುತ್ತದೆ. ಕನ್ನಡ ಕಂಡರೆ ನನಗೊಂದು ಕಾರ್ಡು ಬರೆಯಿರಿ, ನಾನು ಇದುವರೆಗೆ ಕಂಡಿಲ್ಲ.

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ನನ್ನ ತಮ್ಮನ ಮನೆ ಇದೆ. ಅಲ್ಲಿಯೂ ಇಂಥದೊಂದು ಡಬ್ಬಿ ಬಂತು. ಮೊದಲು ತಾಮ್ರದ ಹಂಡೆಗೆ ಕಟ್ಟಿಗೆ ಒಟ್ಟಿ ನೀರು ಕಾಯಿಸುತ್ತಿದ್ದರು. ಹೊಗೆ ಕಣ್ಣು ಉರಿಸುತ್ತಿತ್ತು, ಹೆಂಚಿನ ಸಂದಿಯಿಂದ ಹೊರಗೂ ಹೋಗುತ್ತಿತ್ತು. ಈಗ ಮೇಲೆ ಸ್ಲ್ಯಾಬು, ಗೋಡೆಗೆ ಟೈಲ್ಸು, ಬಿಗಿಯಾದ ಬಾಗಿಲು, ಮೇಲೊಂದು ಗೇಣುದ್ದದ ಗವಾಕ್ಷಿ. ಮಳೆಗಾಲದಲ್ಲಿ ಥಂಡಿ ಬರುತ್ತದೆಂದು ಆ ಗವಾಕ್ಷಿಗೂ ರದ್ದಿ ಕಾಗದ ತುರುಕಿದ್ದರು. ಕಾಗದ ಎಲ್ಲಿಯದು ಗೊತ್ತೇ? ನನ್ನ ಪ್ರೆಸ್ಸಿನದೇ! ಕನ್ನಡ ಅಚ್ಚಾದ ಹಾಳೆ ಗವಾಕ್ಷಿಗೆ, ಇಂಗ್ಲಿಷ್ ಅಚ್ಚಾದ ಹಾಳೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಟ್ರಂಕಿನೊಳಗೆ.

ಗೀಸರಿನ ಉರಿ ಪದೇ ಪದೇ ಆರತೊಡಗಿತು. ಹೊತ್ತಿ ಏಳೆಂಟು ನಿಮಿಷಕ್ಕೆ ಟಪ್ಪೆಂದು ಬಂದ್. ಸೆಲ್ ಬದಲಿಸಿದರು, ಸಿಲಿಂಡರ್ ಬದಲಿಸಿದರು. ಕೊನೆಗೆ ಒಬ್ಬ ರಿಪೇರಿಯವನು ಬಂದ. ಹೊಗೆ ಹೊರಬೀಳುವ ಬಾಯಿಯ ಹತ್ತಿರ ಒಂದು ಸೆನ್ಸಾರ್ ಇರುತ್ತದೆ. ಬಿಸಿಹೊಗೆ ಹೊರಹೋಗದೆ ಅಲ್ಲೇ ನಿಂತರೆ ಅದು ಗ್ಯಾಸನ್ನು ಕಡಿಯುತ್ತದೆ. ಆತ ಅದರ ಎರಡು ವೈರು ಕತ್ತರಿಸಿ, ಒಂದಕ್ಕೊಂದು ಹೊಸೆದು ಟೇಪು ಸುತ್ತಿದ. “ಅಕ್ಕಾರ, ಈ ಸೆನ್ಸಾರು ಬಾಳ ಕಿರಿಕಿರಿ ಮಾಡ್ತಿತ್ರಿ, ತಗದ್ ಹಾಕೇನಿ. ಇನ್ ಆರೂದಿಲ್ಲ ನೋಡ್ರಿ” ಎಂದು ದುಡ್ಡು ಇಸಿದುಕೊಂಡು ಹೋದ.

ಅವನ ಮಾತು ಸುಳ್ಳಾಗಲಿಲ್ಲ. ಆಮೇಲೆ ಉರಿ ಆರಲಿಲ್ಲ. ಆರಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ತಲೆನೋವು ತಲೆನೋವು ಎನ್ನುತ್ತಿದ್ದ ತಮ್ಮನ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಐದನೆಯ ದಿನ ಜಳಕಕ್ಕೆ ಹೋದವಳು ಹೊರಗೆ ಬರಲಿಲ್ಲ. ಬಾಗಿಲು ಒಡೆದು ತೆಗೆದರು. ಪುಣ್ಯ, ಉಸಿರಿತ್ತು. ಧಾರವಾಡಕ್ಕೆ ಒಯ್ದು ಆಮ್ಲಜನಕ ಕೊಡಿಸಿದ ಮೇಲೆ ಬದುಕಿದಳು. ನಾನು ಹೋದಾಗ ತಮ್ಮನ ಹೆಂಡತಿ ಟ್ರಂಕಿನಿಂದ ಆ ಪುಸ್ತಿಕೆ ತಂದು ನನ್ನ ಕೈಗೆ ಕೊಟ್ಟಳು. “ಭಾವಾರ, ಇದರಾಗ ಏನ್ ಬರದೈತಿ ಅಂತ ನಮಗೇನ್ ಗೊತ್ತಾಗಬೇಕ್ರಿ?”

ಓದಿದೆ. ಎಲ್ಲವೂ ಬರೆದಿತ್ತು. ಬಚ್ಚಲ ಒಳಗೆ ಕೂಡಿಸಬೇಡಿ, ಗಾಳಿಕಿಂಡಿ ಮುಚ್ಚಬೇಡಿ, ಉರಿ ತಾನಾಗಿ ಆರುತ್ತಿದ್ದರೆ ಬಳಸಬೇಡಿ, ಸುರಕ್ಷಾ ಸಾಧನ ತೆಗೆಯಬೇಡಿ. ಸಾಸಿವೆ ಕಾಳಿನಷ್ಟು ಅಕ್ಷರ, ಎಲ್ಲಾ ಇಂಗ್ಲಿಷಿನಲ್ಲಿ. ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತ ನಾನೇ ಎರಡೆರಡು ಸಲ ಓದಬೇಕಾಯಿತು.

ಈಗ ಉರಿ ಯಾಕೆ ಆರುತ್ತದೆ ಎಂಬುದನ್ನು ಕನ್ನಡದಲ್ಲೇ ಹೇಳುತ್ತೇನೆ, ಯಾರೂ ಹೇಳದ ಮೇಲೆ ನಾವಾದರೂ ಹೇಳಬೇಕಲ್ಲ. ಹಳೆಯ ಮಾದರಿಯಲ್ಲಿ ಪೈಲಟ್ ದೀಪವಿರುತ್ತದೆ, ಸದಾ ಉರಿಯುವ ಸಣ್ಣ ಕುಡಿ. ಆ ಕುಡಿಯಲ್ಲಿ ಥರ್ಮೋಕಪಲ್ ಎಂಬ ಕಡ್ಡಿಯ ತುದಿ ಕಾಯುತ್ತಿರುತ್ತದೆ. (ಥರ್ಮೋಕಪಲ್‌ಗೆ ಕನ್ನಡ ಪದ ಹುಡುಕುತ್ತ ಕೂರಬೇಡಿ, ಅದು ವಿದ್ವಾಂಸರ ಕೆಲಸ. ನಮಗೆ ಬೇಕಾದದ್ದು ಕನ್ನಡದ ವಾಕ್ಯ.) ಕಾದ ಕಡ್ಡಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಟಾರ್ಚ್ ಸೆಲ್ಲಿನ ಐವತ್ತರಲ್ಲಿ ಒಂದು ಪಾಲು. ಅಷ್ಟೇ ಶಕ್ತಿ ಗ್ಯಾಸಿನ ವಾಲ್ವನ್ನು ತೆರೆದು ಹಿಡಿಯುತ್ತದೆ. ಕುಡಿ ಆರಿ ಕಡ್ಡಿ ತಣಿದರೆ ವಾಲ್ವು ಮುಚ್ಚುತ್ತದೆ. ತೂತಿನಲ್ಲಿ ಮಸಿ ಕಟ್ಟಿದ್ದರೆ, ಜೇಡ ಬಲೆ ನೇಯ್ದಿದ್ದರೆ, ಕಡ್ಡಿಯ ತುದಿ ಉರಿಯಿಂದ ಸರಿದಿದ್ದರೆ, ಅದರ ನಟ್ಟು ಸಡಿಲಾಗಿದ್ದರೆ ದೀಪ ನಿಲ್ಲುವುದಿಲ್ಲ.

ಈಗಿನವಕ್ಕೆ ಪೈಲಟ್ ಇಲ್ಲ, ಎರಡು ದಪ್ಪ ಸೆಲ್ಲು. ನಳ ತಿರುಗಿಸಿದಾಗ ನೀರಿನ ಒತ್ತಡ ಒಳಗಿನ ರಬ್ಬರ್ ಪರದೆಯನ್ನು ದೂಡಿ ಕಿಡಿ ಹಾರಿಸುತ್ತದೆ. ಹಳ್ಳಿಯ ಮನೆಗಳಲ್ಲಿ ನೀರಿನ ಟ್ಯಾಂಕು ಬಚ್ಚಲ ತಲೆಯ ಮೇಲೇ ಇರುತ್ತದೆ, ಒತ್ತಡ ಸಾಲುವುದಿಲ್ಲ, ಉರಿ ಹತ್ತಿದಂತೆ ಮಾಡಿ ಆರುತ್ತದೆ. ಉಪ್ಪುನೀರಿನ ಬೋರ್‌ವೆಲ್ ಇದ್ದಲ್ಲಿ ನೀರು ಒಳಹೋಗುವ ಜಾಳಿಗೆಯೇ ಕಟ್ಟಿಕೊಂಡಿರುತ್ತದೆ. ಹಲವು ಗೀಸರುಗಳು 20 ನಿಮಿಷಕ್ಕೆ ತಾವಾಗಿಯೇ ನಿಲ್ಲುತ್ತವೆ. ಅದು ದೋಷವಲ್ಲ, ಗಡಿಯಾರ.

ಇವೆಲ್ಲ ಸಣ್ಣ ರೋಗ. ದೊಡ್ಡದನ್ನು ಗುರುತಿಸುವುದು ಹೇಗೆ? ಸ್ನಾನಕ್ಕೆ ಯಾರನ್ನೂ ಬಿಡದೆ, ಬಾಗಿಲು ಕಿಟಕಿ ತೆರೆದಿಟ್ಟು ನಳ ಬಿಟ್ಟು ಹೊರಗೆ ನಿಂತು ನೋಡಿ. ತೆರೆದಾಗ ಸರಿಯಾಗಿ ಉರಿದು, ಮುಚ್ಚಿದ ಬಚ್ಚಲಲ್ಲಿ ಮಾತ್ರ ಆರುತ್ತಿತ್ತು ಎಂದಾದರೆ ಕೆಟ್ಟಿರುವುದು ಗೀಸರಲ್ಲ, ಗಾಳಿ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೂ ಅದೇ ಸೂಚನೆ. ಗಾಳಿ ಸಾಲದೆ ಗ್ಯಾಸು ಅರೆಬೆಂದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಗ್ಯಾಸಿಗಾದರೂ ಸೋರಿದ್ದು ತಿಳಿಯಲೆಂದು ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಕಾಲಿನ ಬಲ ಹೋಗುತ್ತದೆ. ಅಗಳಿ ತೆಗೆಯಬೇಕೆಂದು ಅನ್ನಿಸುವ ಹೊತ್ತಿಗೆ ಕೈ ಏಳುವುದಿಲ್ಲ.

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದ ಕಡೆ ಒಂದು ಯುವಜೋಡಿ, 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಹೀಗೆ ಬಚ್ಚಲಲ್ಲೇ ಹೋದರು. ನಿಮ್ಮದೇ ವಯಸ್ಸಿನವರು. ಪತ್ರಿಕೆಗಳು “ಗೀಸರ್ ಅನಿಲ ಸೋರಿಕೆ” ಎಂದು ನಾಲ್ಕು ಸಾಲು ಬರೆದು ಕೈತೊಳೆದುಕೊಂಡವು. ಸೋರದಿದ್ದರೂ ಕೊಲ್ಲುತ್ತದೆ ಎಂಬ ಮಾತು ಆ ನಾಲ್ಕು ಸಾಲಿನಲ್ಲಿ ಹಿಡಿಯಲಿಲ್ಲ.

ಇಲ್ಲೊಬ್ಬ ಜಾಣ ಏಳಬಹುದು. “ಎಲ್ಲದಕ್ಕೂ ಭಾಷೆ ತರಬೇಡಿ ಸಾರ್, ಜಪಾನಿನಲ್ಲಿ ಎಲ್ಲವೂ ಜಪಾನಿ ಭಾಷೆಯಲ್ಲೇ ಇತ್ತು, ಅಲ್ಲೂ ಸತ್ತರು” ಎಂದು. ಹೌದು, ಸತ್ತರು. ಪಲೋಮಾ ಕಂಪನಿಯ ಗೀಸರುಗಳಿಂದ 1985ರಿಂದ 2005ರವರೆಗೆ ಇಪ್ಪತ್ತರಷ್ಟು ಜನ. ಅಲ್ಲಿಯೂ ಹೆಚ್ಚಿನ ಕಡೆ ನಡೆದದ್ದು ಬಮ್ಮಿಗಟ್ಟಿಯ ಕಥೆಯೇ: ಉರಿ ನಿಲ್ಲುತ್ತಿಲ್ಲವೆಂದು ರಿಪೇರಿಯವರು ಸುರಕ್ಷಾ ಸಾಧನದ ವೈರನ್ನು ಅಡ್ಡದಾರಿಯಲ್ಲಿ ಜೋಡಿಸಿದ್ದರು. ಆದರೆ 2006ರಲ್ಲಿ ಅದು ಬಯಲಾದಾಗ ಇಡೀ ದೇಶ ಓದಿತು, ತನ್ನ ಮನೆಯ ಡಬ್ಬಿ ಯಾವ ಮಾದರಿ ಎಂದು ಎದ್ದು ಹೋಗಿ ನೋಡಿತು. ಸರಕಾರ ಕಾನೂನು ತಿದ್ದಿ, ಇಂಥ ಅಪಘಾತವನ್ನು ಕಂಪನಿ ಹತ್ತು ದಿನದೊಳಗೆ ವರದಿ ಮಾಡಬೇಕೆಂದಿತು. ಕಂಪನಿಯ ಮಾಜಿ ಅಧ್ಯಕ್ಷನಿಗೆ 2010ರಲ್ಲಿ ಕೋರ್ಟು ಶಿಕ್ಷೆ ಹೇಳಿತು. ಭಾಷೆಯೊಂದೇ ಉಳಿಸುತ್ತದೆ ಎಂದು ನಾನೆಲ್ಲಿ ಹೇಳಿದೆ? ಓದಲು ಬಂದವನು ಪ್ರಶ್ನೆ ಕೇಳುತ್ತಾನೆ, ಅಷ್ಟೇ. ನಮ್ಮ ಮನೆಯ ಹೆಣ್ಣುಮಗಳಿಗೆ ಪುಸ್ತಿಕೆ ಓದಲು ಬರುವಂತಿದ್ದರೆ ಆ ವೈರು ಕತ್ತರಿಸುವವನ ಕೈ ಹಿಡಿಯುತ್ತಿದ್ದಳು.

ಕಾನೂನು ಏನು ಹೇಳುತ್ತದೆ ನೋಡಿ. ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ವಿವರಗಳು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಲೇಬೇಕು, ಬೇರೆ ಭಾಷೆ ಬೇಕಾದರೆ ಹಾಕಿಕೊಳ್ಳಬಹುದು. “ಬೇಕಾದರೆ”! ಆರು ಕೋಟಿ ಜನರ ಭಾಷೆ ಬೇಕಾದರೆ! ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಒಂದು ಹೆಜ್ಜೆ ಮುಂದಿಟ್ಟಿತು. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ಕ್ರಮ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸರಕಾರ ಆದೇಶವನ್ನೂ ಹೊರಡಿಸಿತು. ಸಂತೋಷ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಬಂದು ಮಾರಾಟವಾಗುವ ಗೀಸರಿನ ಗತಿ? ನಮ್ಮ ತಮ್ಮನ ಮನೆಗೆ ಬಂದದ್ದು ಅಂಥದೇ. “ತಯಾರಾಗುವ” ಎಂಬಲ್ಲಿ “ಮಾರಾಟವಾಗುವ” ಎಂದಾಗಬೇಕು.

ಅಂಗಡಿಗಳ ಬೋರ್ಡಿನಲ್ಲಿ ಶೇಕಡಾ 60 ಕನ್ನಡಕ್ಕಾಗಿ ನಾವು ಬೀದಿಗಿಳಿದೆವು, 2024ರಲ್ಲಿ ತಿದ್ದುಪಡಿ ಬಂತು. ತಪ್ಪೆನ್ನುವುದಿಲ್ಲ, ಅನೇಕ ಹೋರಾಟಗಳ ಕರಪತ್ರ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗಿವೆ. ಆದರೆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ ಡಬ್ಬಿ ಬಿಚ್ಚಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ನಾನೂ ನೋಡಿರಲಿಲ್ಲ.

ಕಂಪನಿಯವರು ಖರ್ಚಿನ ಮಾತೆತ್ತಿದರೆ ನನ್ನ ಹತ್ತಿರ ಕಳಿಸಿ. ಒಂದು ಬಣ್ಣದಲ್ಲಿ ಕಾಲು ಹಾಳೆಯ ಚೀಟಿ ಐದು ಸಾವಿರ ತೆಗೆದರೆ ಒಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ನಾನೇ ಸ್ವಲ್ಪ ಅಚ್ಚು ಹಾಕಿಸಿದ್ದೇನೆ, ಸಂಘದ ಗೆಳೆಯರು ಕಲಘಟಗಿ ಸಂತೆಯಲ್ಲಿ ಹಂಚುತ್ತಿದ್ದಾರೆ. ಅದರಲ್ಲಿರುವುದು ಇಷ್ಟು: “ಗೀಸರ್ ಬಚ್ಚಲ ಹೊರಗಿರಲಿ. ಗವಾಕ್ಷಿ ಮುಚ್ಚಬೇಡಿ. ಉರಿ ಆರುತ್ತಿದ್ದರೆ ಮತ್ತೆ ಮತ್ತೆ ಹೊತ್ತಿಸಬೇಡಿ, ರೆಗ್ಯುಲೇಟರ್ ಬಂದ್ ಮಾಡಿ. ಸೆನ್ಸಾರ್ ಕಡಿಯಲು ಯಾರಿಗೂ ಬಿಡಬೇಡಿ. ತಲೆ ತಿರುಗಿದರೆ ಮೊದಲು ಹೊರಗೆ ಬನ್ನಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.” ನಿಮ್ಮ ರೂಮಿನ ಬಾಗಿಲಿಗೂ ಅಂಟಿಸಿಕೊಳ್ಳಿ, ಮಾಲೀಕರಿಗೂ ಒಂದು ಕೊಡಿ.

ಬಮ್ಮಿಗಟ್ಟಿಯಲ್ಲಿ ಕತ್ತರಿಸಿದ ಸೆನ್ಸಾರ್ ಬದಲು ಹೊಸದು ಹಾಕಿಸಿ, ಗೀಸರನ್ನು ಹೊರಗೋಡೆಗೆ ಸಾಗಿಸಿದ್ದಾರೆ. ಆಷಾಢದ ಗಾಳಿಗೆ ಅದು ಈಗಲೂ ಒಮ್ಮೊಮ್ಮೆ ಆರುತ್ತದೆ. ತಮ್ಮ ಗಾಳಿ ಬರುವ ಒಂದು ಬದಿಗೆ ಮಾತ್ರ ತಗಡು ಕಟ್ಟಿ, ಉಳಿದ ಕಡೆ ಬಯಲು ಬಿಟ್ಟಿದ್ದಾನೆ.