ನಾನು ನೋಡಿದ್ದೆ, ಹೇಳಲಿಲ್ಲ

ನಮ್ಮ ಮನೆಗೆ ಪತ್ತೇದಾರಿ ಕಾದಂಬರಿ ಹೊಸದಲ್ಲ. ದಾದಾ ಅವರ ಟ್ರಂಕಿನಲ್ಲಿ ಇಬ್ನೆ ಸಫಿ ಅವರ ಹಳೆಯ ಉರ್ದು ಪುಸ್ತಕಗಳಿವೆ. 1952ರಲ್ಲಿ ಅಲಹಾಬಾದಿನಿಂದ ಶುರುವಾದ ‘ಜಾಸೂಸಿ ದುನಿಯಾ’ದ ಕರ್ನಲ್ ಫರೀದಿ ಎಂದರೆ ಅವರಿಗೆ ಈಗಲೂ ಪ್ರಾಣ. ಈ ರಜೆಯಲ್ಲಿ ನಾನು ಓದಿದ್ದು ಮಾತ್ರ ಬೇರೆ. ಲೋಂಡಾದಲ್ಲಿ ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಆಂಟಿ ಕೊಟ್ಟ ಇಂಗ್ಲಿಷ್ ಕಾದಂಬರಿ, ಡೀ ಹೆಂಡರ್ಸನ್ ಅವರ ‘ದಿ ಗಾರ್ಡಿಯನ್’. “ಪ್ರೇಮದ ಕಥೆಯಾ?” ಎಂದು ಅಮ್ಮಿ ಹುಬ್ಬೇರಿಸಿದರು. ಪ್ರೇಮವೂ ಇದೆ. ಆದರೆ ಅಮ್ಮಿಯ ಮುಂದೆ ಓದಲು ನಾಚಿಕೆಯಾಗುವಂಥದ್ದು ಏನೂ ಇಲ್ಲ.

ಅಮೆರಿಕದಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರ ಕೊಲೆಯಾಗುತ್ತದೆ. ಅದಕ್ಕೆ ಇರುವ ಸಾಕ್ಷಿ ಶಾರಿ ಒಬ್ಬಳೇ. ಕೊಲೆಗಾರ ಈಗ ಅವಳ ಬೆನ್ನು ಹತ್ತುತ್ತಾನೆ. ಅವಳನ್ನು ಕಾಯುವ ಜವಾಬ್ದಾರಿ ಯು.ಎಸ್. ಮಾರ್ಷಲ್ ಮಾರ್ಕಸ್‌ನದು. ನ್ಯಾಯಾಧೀಶರನ್ನೂ ಸಾಕ್ಷಿಗಳನ್ನೂ ಕಾಯುವುದು, ತಲೆಮರೆಸಿಕೊಂಡವರನ್ನು ಹಿಡಿಯುವುದು ಈ ಮಾರ್ಷಲ್‌ಗಳ ಕೆಲಸ. 1789ರಿಂದಲೂ ಈ ಹುದ್ದೆ ಇದೆ. ಪ್ರಾರ್ಥಿಸಿದರೂ ದೇವರು ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಯೂ ಕಥೆಯಲ್ಲಿದೆ. ಕೆಲವು ಕಡೆ ಉಪದೇಶ ಉದ್ದವಾಗಿ ಕುತೂಹಲ ತಣ್ಣಗಾಗುತ್ತದೆ. ಆದರೂ ದುವಾ ಮಾಡುವ ಮನುಷ್ಯ ದುರ್ಬಲನಲ್ಲ ಎಂದು ಒಂದು ಥ್ರಿಲ್ಲರ್ ತೋರಿಸಿದ್ದು ನನಗೆ ಇಷ್ಟವಾಯಿತು.

ಓದಿದವರೆಲ್ಲ ಮಾರ್ಕಸ್‌ನನ್ನು ಹೊಗಳಬಹುದು. ನನ್ನ ಪ್ರಕಾರ ಈ ಕಥೆಯ ನಿಜವಾದ ಧೈರ್ಯ ಶಾರಿಯದು. ಎಷ್ಟು ಪೊಲೀಸರಿದ್ದರೂ, ನೋಡಿದವರು ಬಾಯಿ ಬಿಡದಿದ್ದರೆ ಕೇಸು ನಿಲ್ಲುವುದಿಲ್ಲ.

ಇದನ್ನು ಬರೆಯಲು ನನಗೊಂದು ಕಾರಣವಿದೆ. ಕಳೆದ ವರ್ಷ ಲೋಂಡಾದಿಂದ ಕಾಲೇಜಿಗೆ ಬರುವಾಗ ರೈಲಿನಲ್ಲಿ ಒಬ್ಬರ ಮೊಬೈಲ್ ಕಳುವಾಯಿತು. ಎಲ್ಲರೂ ಶೇಂಗಾ ಮಾರುವ ಹುಡುಗನ ಮೇಲೆ ಬಿದ್ದರು. ಅವನು ಆ ಸೀಟಿನ ಹತ್ತಿರ ಬಂದೇ ಇರಲಿಲ್ಲ. ಇಸ್ತ್ರಿ ಮಾಡಿದ ಶರ್ಟಿನವರೊಬ್ಬರು ಅಲ್ಲಿಂದ ಏನೋ ಎತ್ತಿಕೊಂಡು ಖಾನಾಪುರದಲ್ಲಿ ಇಳಿದು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬುರ್ಖಾ ಹಾಕಿದ ಹುಡುಗಿ ಅಷ್ಟು ಜನರ ನಡುವೆ ಮಾತಾಡಿದರೆ ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆಗೆ ಸುಮ್ಮನಾದೆ. ಹುಡುಗ ಏಟು ತಿಂದ. ಅವನ ಶೇಂಗಾ ಬೋಗಿಯ ತುಂಬ ಚೆಲ್ಲಿತು.

ಕಾಮರ್ಸ್ ಓದುವ ನಮಗೆ ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ. ಸೂರಾ ಬಕರಾದ 282ನೇ ಆಯತ್ ಕೂಡ ಸಾಲವನ್ನು ಬರೆದಿಡುವ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ವಿಷಯದ್ದೇ. ಅದರ ಮುಂದಿನ ಆಯತ್ ಸಾಕ್ಷ್ಯವನ್ನು ಮುಚ್ಚಿಡುವುದು ಪಾಪ ಎನ್ನುತ್ತದೆ. ಇದನ್ನು ಎಷ್ಟೋ ಸಲ ತಿಲಾವತ್ ಮಾಡಿದ್ದೇನೆ. ಆ ದಿನ ಒಂದೂ ನೆನಪಾಗಲಿಲ್ಲ.

“ಅಮೆರಿಕದಲ್ಲಿ ಕಾಯುವವರಿದ್ದಾರೆ, ನಮ್ಮನ್ನು ಯಾರು ಕಾಯುತ್ತಾರೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಗಂಭೀರ ಅಪರಾಧಗಳ ಸಾಕ್ಷಿಗೆ ಬೆದರಿಕೆ ಇದ್ದರೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಗುರುತು ಮುಚ್ಚಿಡುವುದು, ಪೊಲೀಸ್ ಕಾವಲು, ಬೇರೆ ಕಡೆ ವಾಸ, ಇವೆಲ್ಲ ಅದರಲ್ಲಿವೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಕಾಲೇಜಿಗೆ ಒಮ್ಮೆ ವಕೀಲರನ್ನು ಕರೆಸಿ ಇದನ್ನು ಹೇಳಿಸಬೇಕೆಂಬುದು ನನ್ನ ವಿನಂತಿ.

ಆದರೆ ರೈಲಿನಲ್ಲಿ ನನಗೆ ಮಾರ್ಷಲ್ ಬೇಕಿರಲಿಲ್ಲ, ಸಮಿತಿಯೂ ಬೇಕಿರಲಿಲ್ಲ. “ಅವನಲ್ಲ, ನಾನು ನೋಡಿದ್ದೇನೆ” ಎಂಬ ಒಂದು ಮಾತು ಸಾಕಿತ್ತು.

ಆ ಹುಡುಗ ಈಗಲೂ ಅದೇ ರೈಲಿನಲ್ಲಿ ಬರುತ್ತಾನೆ. ನನ್ನ ಸೀಟಿನ ಹತ್ತಿರ ಬಂದಾಗ ನಾನು ಕಿಟಕಿಯ ಕಡೆ ನೋಡುತ್ತೇನೆ. ಕಾಲೇಜು ಶುರುವಾದ ಮೇಲೆ ಹಾಗೆ ಮಾಡುವುದಿಲ್ಲ. ಮೊದಲು ಅವನ ಹತ್ತಿರ ಮಾಫಿ ಕೇಳಬೇಕು.