ಏಳೂವರೆಯ ಬಾಗಿಲು

ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಅಂತ ಒಂದು ನಾಟಕದ ಮನೆ ಇದೆ, ಮಕ್ಕಳೇ. ನಟ ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿ 2004ರಲ್ಲಿ ತೆರೆದದ್ದು. ನಾಟಕ ಶುರುವಾದ ಮೇಲೆ ಎಂಥವರು ಬಂದರೂ ಒಳಗೆ ಬಿಡುವುದಿಲ್ಲ.

ಮೊನ್ನೆ ಮೊಮ್ಮಗಳ ಜೊತೆ ಹೊರಟೆ. ಕಾಫಿ ಕುಡಿದು, ಕನ್ನಡಕ ಹುಡುಕಿ ತಡ ಮಾಡಿದವನು ನಾನೇ. ಹೋಗಿ ನಿಂತಾಗ ಏಳು ಮೂವತ್ತಮೂರು. "ಮೂರೇ ನಿಮಿಷ ಕಣಪ್ಪ, ಮಗು ಇದೆ" ಅಂದೆ. ಬಾಗಿಲಲ್ಲಿದ್ದ ಹುಡುಗ ಕೈಮುಗಿದ, ಅಷ್ಟೇ.

ಸಿಟ್ಟು ಬಂತು. ಮೆಟ್ಟಿಲ ಮೇಲೆ ಕೂತಾಗ ನೆನಪಾಯಿತು. ಬ್ಯಾಂಕಿನಲ್ಲಿ ಎರಡು ಗಂಟೆಗೆ ಸರಿಯಾಗಿ ಕೌಂಟರ್ ಮುಚ್ಚುತ್ತಿದ್ದವನು ನಾನೂ ಅಲ್ಲವೇ? ಪಿಂಚಣಿಗೆ ಬಂದ ಒಬ್ಬ ಮುದುಕಿಯನ್ನು "ನಾಳೆ ಬನ್ನಿ" ಅಂತ ಕಳಿಸಿದ್ದೆ. ಪಾಪ, ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದರು. ನಾನು ಕೈಯನ್ನೂ ಮುಗಿದಿರಲಿಲ್ಲ. ಮೊಮ್ಮಗಳಿಗೆ ಹೇಳಿದೆ.

"ಆ ಅಜ್ಜಿ ಮಾರನೇ ದಿನ ಬಂದ್ರಾ ತಾತ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಪುಣ್ಯಕ್ಕೆ ಮರುದಿನವೂ ಅದೇ ನಾಟಕ. ಆರೂವರೆಗೇ ಹೋಗಿ ಅಲ್ಲಿನ ಕ್ಯಾಂಟೀನಿನಲ್ಲಿ ಅಕ್ಕಿರೊಟ್ಟಿ ತಿಂದೆವು. (ಡಾಕ್ಟರು ಇದನ್ನು ಓದದಿರಲಿ.) ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತು, ನಟರ ಹಣೆಯ ಬೆವರೂ ಕಾಣುತ್ತಿತ್ತು. ನಡುವೆ ರಾಜನ ಕಿರೀಟ ಜಾರಿ ಮೂಗಿಗೆ ಬಂತು. ಆತ ಗಾಬರಿಯಾಗದೆ, "ರಾಜ್ಯ ದೊಡ್ಡದಾಯ್ತು, ತಲೆ ಚಿಕ್ಕದಾಯ್ತು" ಅಂದ. ಅದು ನಾಟಕದಲ್ಲಿ ಇದ್ದ ಮಾತೋ, ಆಗಲೇ ಹೊಳೆದದ್ದೋ! ಮೊಮ್ಮಗಳು ಕಿಸಕ್ಕನೆ ನಕ್ಕಳು. ಆತ ಇವಳತ್ತ ಒಮ್ಮೆ ಕಣ್ಣು ಬಿಟ್ಟು ಕಿರೀಟ ಸರಿಮಾಡಿಕೊಂಡ.

ಈಗ ಮನೆಗೆ ಬಂದವರಿಗೆಲ್ಲ ಅವಳದು ಒಂದೇ ವರದಿ: "ರಾಜ ನನ್ನನ್ನೇ ನೋಡಿದ."